ಆಡಿ ನೋಡದ ಗೇಮಿಗೆ ಮುಂಗಡ ಕಾಸು: ಜಾಣ ಗಿರಾಕಿಯೂ ಬೇಸ್ತು!

ಶಿವಮೊಗ್ಗ: ಅಡಿಕೆ ಒಡೆದು ನೋಡದೆ ಧಾರಣೆ ಹೇಳುವ ಖರೀದಿದಾರ ಈ ಊರಿನ ಮಂಡಿಯಲ್ಲಿ ಇನ್ನೂ ಹುಟ್ಟಿಲ್ಲ. ಗಾಂಧಿಬಜಾರಿಗೆ ಸೀರೆಗೆಂದು ಬಂದ ಹೆಂಗಸು ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ಬಣ್ಣ ಹೋಗುತ್ತದಾ ಅಂತ ಮೂರು ಸಲ ಕೇಳಿಯೇ ದುಡ್ಡು ಬಿಚ್ಚುವುದು. ಕಾಲು ಕೆ.ಜಿ. ಬದನೆಕಾಯಿ ಕೊಳ್ಳುವವನೂ ಹುಳ ಹೊಡೆದಿದೆಯಾ ಅಂತ ಒಂದೊಂದನ್ನೇ ತಿರುಗಿಸಿ ನೋಡುತ್ತಾನೆ. ಇಷ್ಟು ಹುಷಾರಿರುವ ಊರಿನಲ್ಲಿ ಒಂದು ಸರಕು ಮಾತ್ರ ಯಾರೂ ಮುಟ್ಟಿ ನೋಡದೆ, ಕೇಳಿ ತಿಳಿಯದೆ ಬಿಕರಿಯಾಗುತ್ತಿದೆ. ಅದೇ ವಿಡಿಯೋ ಗೇಮು!

ಮಗ ಕೇಳಿದ, ಅಪ್ಪ ಕೊಟ್ಟ. ಅಷ್ಟೇ ಕಥೆ. ಗೇಮು ಮಾಡಿದವರು ಯಾರು, ಮನೆಯ ಕಂಪ್ಯೂಟರಿನಲ್ಲಿ ಅದು ಓಡುತ್ತದೋ ಇಲ್ಲವೋ, ಹಿಡಿಸದಿದ್ದರೆ ವಾಪಸು ಉಂಟೋ ಇಲ್ಲವೋ, ಒಂದು ಪ್ರಶ್ನೆಯೂ ಇಲ್ಲ. ದೊಡ್ಡ ಕಂಪೆನಿಯ ಹೊಸ ಗೇಮು ಎಂದರೆ ಈಗ 4,000ದಿಂದ 5,000 ರೂ. ಅದು ಅಂಗಡಿಯಲ್ಲಿ ದುಡಿಯುವ ಹುಡುಗನ ಎಷ್ಟು ದಿನದ ಸಂಬಳ ಅಂತ ಲೆಕ್ಕ ಹಾಕಿ ನೋಡಿ. ಗೇಮು ಎರಡು ದಿನಕ್ಕೆ ಬೇಜಾರಾಗಿ ಮೂಲೆಗೆ ಬಿದ್ದರೆ ಹೋದದ್ದು ಆಟವಲ್ಲ, ಮನೆಯ ಖರ್ಚಿನ ದುಡ್ಡು.

ಕೆಟ್ಟ ಗೇಮು ಮಾಡುವವರು ಹಿಂದೆಯೂ ಇದ್ದರು, ಮುಂದೆಯೂ ಇರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ದುಡ್ಡು ಹೋಗುವುದು ಗೇಮು ಕೆಟ್ಟದಾಗಿದೆ ಅಂತಲ್ಲ, ನೋಡುವ ಮೊದಲೇ ಕೊಟ್ಟೆವು ಅಂತ. ರುಚಿ ತೋರಿಸುವುದಕ್ಕೆ ಮುಂಚೆ ಕಾಸು ಕೀಳುವುದೇ ಈ ವ್ಯಾಪಾರದ ಗುಟ್ಟು. ಈ ಗುಟ್ಟು ತಿಳಿದವನ ಜೇಬು ಭದ್ರ, ತಿಳಿಯದವನಿಗೆ ಮೂರು ನಾಮ.

ಜಾತ್ರೆಯ '400 ಆಟ'

ಮೊದಲು ಅಗ್ಗದ ಮಾಲಿನಿಂದಲೇ ಶುರು ಮಾಡೋಣ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆ ಜಾತ್ರೆ ಇರಲಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಜಾತ್ರೆ ಇರಲಿ, ಆಟಿಕೆ ಅಂಗಡಿಗಳ ಸಾಲಿನಲ್ಲಿ ಅಂಗೈಯಗಲದ ಒಂದು ಯಂತ್ರ ಇರುವುದುಂಟು. ಡಬ್ಬಿಯ ಮೇಲೆ '400 ಇನ್ 1' ಎಂದು ದಪ್ಪಕ್ಷರ. ಬೆಲೆ ಕೆಲವು ನೂರು ರೂಪಾಯಿ. 400 ಆಟಕ್ಕೆ ಭಾಗಿಸಿದರೆ ಆಟಕ್ಕೆ ಒಂದು ರೂಪಾಯಿ ಚಿಲ್ಲರೆ! ಇದಕ್ಕಿಂತ ಲಾಭ ಉಂಟೇ?

ಮನೆಗೆ ತಂದು ಪಟ್ಟಿಯನ್ನು ಕೆಳಗಿನವರೆಗೆ ಇಳಿಸಿದರೆ ಆಗ ಗೊತ್ತಾಗುತ್ತದೆ ಬಣ್ಣ. ಅವವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬಂದಿರುವುದೇ ಹೆಚ್ಚು. ಇದೇನು ಹೊಸ ವಿದ್ಯೆಯಲ್ಲ ಬಿಡಿ. 1990ರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಗೇಮು ಬಂದಾಗ '9999 ಇನ್ 1' ಎಂಬ ಕ್ಯಾಸೆಟ್ಟು ಬರುತ್ತಿತ್ತು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ ಆಡಿದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ, ಬೇಕಾದರೆ ಕೇಳಿ ನೋಡಿ. ಸಾವಿರಗಟ್ಟಲೆ ಲೆಕ್ಕದ ಒಳಗೆ ಇದ್ದದ್ದು ಬೆರಳೆಣಿಕೆಯ ಆಟ. ಆ ಯಂತ್ರಗಳಾದರೂ ಏನು? ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ಹೊರತಂದ ಫ್ಯಾಮಿಕಾಂ ಯಂತ್ರದ ನಕಲುಗಳು.

ಹಾಗೆಂದು ಇದನ್ನು ಕೊಳ್ಳಲೇಬಾರದು ಅಂತಲ್ಲ. ಮಗು ಹತ್ತು ದಿನ ಖುಷಿಯಾಗಿದ್ದರೆ ಆ ದುಡ್ಡು ಬಂತು ಎನ್ನುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಅಲ್ಲೇ ನಿಂತು ಚಾಲೂ ಮಾಡಿಸಿ. ಪಟ್ಟಿಯ ಮೊದಲ ಆಟವನ್ನಲ್ಲ, 150ನೆಯದನ್ನು, 300ನೆಯದನ್ನು, ಕೊನೆಯದನ್ನು ತೆಗೆಸಿ. ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ. ಬ್ಯಾಟರಿ ಬದಲಾಯಿಸುವಂಥದ್ದೋ, ಅದು ಸತ್ತರೆ ಯಂತ್ರವೇ ಸತ್ತಂತೆಯೋ ವಿಚಾರಿಸಿ. "ಜಾತ್ರೆ ಮಾಲು ಸ್ವಾಮಿ, ಬಿಲ್ಲು ಇಲ್ಲ" ಅಂದರೆ ಹೆಚ್ಚು ಮಾತು ಬೇಡ. ನಾಳೆ ಕೆಟ್ಟರೆ ಅಂಗಡಿಯೂ ಅಲ್ಲಿರುವುದಿಲ್ಲ ಅಂತ ತಿಳಿದು ಅಷ್ಟಕ್ಕೆ ತಕ್ಕ ಬೆಲೆ ಕಟ್ಟಿ.

ಮಣ್ಣಿಗೆ ಹೋದ ಕ್ಯಾಸೆಟ್ಟು

ನೋಡದೆ ಕೊಂಡು ಕೆಟ್ಟವರಲ್ಲಿ ಗಿರಾಕಿಗಳು ಮಾತ್ರ ಇಲ್ಲ, ಅಂಗಡಿಯವರೂ ಇದ್ದಾರೆ. ಅಮೆರಿಕದಲ್ಲಿ ನಡೆದ ಒಂದು ಸಂಗತಿಯನ್ನು ವ್ಯಾಪಾರಸ್ಥರು ತಿಳಿದಿರುವುದು ಒಳ್ಳೆಯದು.

1982ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಅವರ 'ಇ.ಟಿ.' ಸಿನಿಮಾ ಭರ್ಜರಿಯಾಗಿ ಓಡಿತು. ಅಟಾರಿ ಎಂಬ ದೊಡ್ಡ ಕಂಪೆನಿ ಆ ಹೆಸರಿನ ಗೇಮನ್ನು ಕ್ರಿಸ್‌ಮಸ್ ವ್ಯಾಪಾರಕ್ಕೆ ತಂದೇ ತೀರಬೇಕು ಎಂದು ಹಟ ಹಿಡಿಯಿತು. ಗೇಮು ಬರೆಯುವ ಹೊವರ್ಡ್ ಸ್ಕಾಟ್ ವಾರ್ಷಾ ಎಂಬಾತನಿಗೆ ಸಿಕ್ಕಿದ್ದು ಸುಮಾರು 5 ವಾರ. ತಿಂಗಳುಗಟ್ಟಲೆಯ ಕೆಲಸವನ್ನು ಐದು ವಾರದಲ್ಲಿ ಮುಗಿಸಿದರೆ ಏನಾಗಬೇಕೋ ಅದೇ ಆಯಿತು. ಸಿನಿಮಾದ ಹೆಸರು ನೋಡಿ ಕೊಂಡ ಮಕ್ಕಳು, ಆಟದ ನಾಯಕ ಹೆಜ್ಜೆಹೆಜ್ಜೆಗೂ ಗುಂಡಿಗೆ ಬೀಳುವುದನ್ನು ನೋಡಿ ಬೇಸತ್ತರು. ಹೆಸರು ಓಡುತ್ತದೆ ಎಂದು ನಂಬಿ ರಾಶಿ ಹಾಕಿಕೊಂಡಿದ್ದ ಅಂಗಡಿಗಳಲ್ಲಿ ಮಾಲು ಹಾಗೇ ಉಳಿಯಿತು.

ಅದೊಂದೇ ಗೇಮಿನಿಂದ ಅನಾಹುತವಾಯಿತು ಎನ್ನುವುದು ಸರಿಯಲ್ಲ. ಆ ಹೊತ್ತಿಗೆ ಕಂಡಕಂಡವರೆಲ್ಲ ಗೇಮು ಮಾಡಿ ಮಾರುಕಟ್ಟೆಗೆ ಸುರಿದಿದ್ದರು. ಯಾವುದು ಒಳ್ಳೆಯದು, ಯಾವುದು ಜೊಳ್ಳು ಅಂತ ಗಿರಾಕಿಗೆ ತಿಳಿಯಲಿಲ್ಲ. ಎರಡು ಮೂರು ಸಲ ಮೋಸ ಹೋದವನು ಒಳ್ಳೆಯ ಗೇಮನ್ನೂ ಕೊಳ್ಳುವುದು ಬಿಟ್ಟ. 35 ಡಾಲರಿನ ಕ್ಯಾಸೆಟ್ಟುಗಳು 5 ಡಾಲರಿಗೆ ಇಳಿದವು. 1983ರ ಈ ಕುಸಿತದ ನಂತರ ಎರಡೇ ವರ್ಷದಲ್ಲಿ ಅಲ್ಲಿನ ಮನೆ ಗೇಮುಗಳ ವಹಿವಾಟು ಸುಮಾರು 300 ಕೋಟಿ ಡಾಲರಿನಿಂದ 10 ಕೋಟಿ ಡಾಲರಿಗೆ ಬಿತ್ತು ಎಂದು ಅಂದಾಜು. ಅಟಾರಿ ಕಂಪೆನಿ ಮಾರಾಟವಾಗದ ಮಾಲನ್ನು ಲಾರಿಗೆ ತುಂಬಿ, ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತು ಹಾಕಿತು. ಬಹುಕಾಲ ಇದನ್ನು ಕಟ್ಟುಕತೆ ಎಂದವರೂ ಇದ್ದರು. 2014ರ ಏಪ್ರಿಲ್‌ನಲ್ಲಿ ಅಗೆದಾಗ 'ಇ.ಟಿ.' ಕ್ಯಾಸೆಟ್ಟುಗಳು ಮಣ್ಣಿನಿಂದ ಎದ್ದು ಬಂದವು!

ಪಾಠ ಇಷ್ಟೇ: ಸಿನಿಮಾದ ಹೆಸರು ಗೇಮಿನ ಗುಣವಲ್ಲ. ಹೀರೋ ಚಿತ್ರ ಅಂಟಿಸಿದ ಮಾತ್ರಕ್ಕೆ ಬಿಸ್ಕತ್ತು ರುಚಿಯಾಗುತ್ತದೆಯೇ?

ಕಾದವನಿಗೆ ಕಮ್ಮಿ ಬೆಲೆ

"ಅದೆಲ್ಲ ಹಳೇ ಕಾಲದ ಮಾತು, ಈಗಿನ ಕಂಪೆನಿಗಳು ಹಾಗಲ್ಲ" ಅಂತ ಕಾಲೇಜು ಹುಡುಗರು ವಾದಿಸಬಹುದು. ಹಾಗಾದರೆ 2020ಕ್ಕೇ ಬನ್ನಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಎಂಬ ಒಳ್ಳೆಯ ಹೆಸರಿನ ಕಂಪೆನಿ 'ಸೈಬರ್‌ಪಂಕ್ 2077' ಎಂಬ ಗೇಮನ್ನು ಆ ವರ್ಷದ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಬಿಡುಗಡೆಗೆ ಮುಂಚೆಯೇ 80 ಲಕ್ಷ ಮಂದಿ ಮುಂಗಡ ಕಟ್ಟಿದ್ದರು. ಹೊಸ, ದುಬಾರಿ ಯಂತ್ರಗಳಲ್ಲಿ ಅದು ಹೇಗೋ ಓಡಿತು. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇಟ್ಟುಕೊಂಡವರಿಗೆ ಮಾತ್ರ ನರಕ. ಚಿತ್ರ ಒಡೆಯಿತು, ಆಟ ನಡುವೆ ನಿಂತುಹೋಯಿತು.

ಬಿಡುಗಡೆಯಾದ ನಾಲ್ಕೇ ದಿನಕ್ಕೆ ಕಂಪೆನಿ ಕ್ಷಮೆ ಕೇಳಿತು. ಯಾತಕ್ಕೆ ಗೊತ್ತೇ? ಹಳೆಯ ಯಂತ್ರದಲ್ಲಿ ಗೇಮು ಹೇಗೆ ಓಡುತ್ತದೆ ಎಂಬುದನ್ನು ಮೊದಲೇ ತೋರಿಸದಿದ್ದಕ್ಕೆ! ತೋರಿಸದೆ ಮಾರಿದ್ದೇ ತಪ್ಪು ಎಂದು ಮಾರಿದವರೇ ಒಪ್ಪಿಕೊಂಡ ಮೇಲೆ ಬೇರೆ ಸಾಕ್ಷಿ ಬೇಕೇ? ಸೋನಿ ಕಂಪೆನಿ ತನ್ನ ಆನ್‌ಲೈನ್ ಅಂಗಡಿಯಿಂದ ಗೇಮನ್ನೇ ತೆಗೆದುಹಾಕಿ, ಕೇಳಿದವರಿಗೆ ದುಡ್ಡು ವಾಪಸು ಕೊಡುತ್ತೇವೆ ಎಂದಿತು. 2021ರ ಜೂನ್‌ವರೆಗೆ ಅದು ಅಲ್ಲಿಗೆ ಮರಳಲಿಲ್ಲ.

ಸ್ವಾರಸ್ಯ ಇರುವುದು ಆಮೇಲಿನ ಕಥೆಯಲ್ಲಿ. ಕಂಪೆನಿ ರಿಪೇರಿ ಮಾಡುತ್ತಾ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಸುಧಾರಣೆ ಬಂದ ಮೇಲೆ, ಮೊದಲು ಉಗಿದವರೇ ಅದನ್ನು ಹೊಗಳಿದರು. ಅಷ್ಟರಲ್ಲಿ ಗೇಮು ಆಗಾಗ ರಿಯಾಯಿತಿ ಬೆಲೆಗೂ ಸಿಗುತ್ತಿತ್ತು. ಅಂದರೆ ಮೊದಲ ದಿನ ಓಡಿ ಹೋಗಿ ಕೊಂಡವನು ಪೂರ್ತಿ ದುಡ್ಡು ಕೊಟ್ಟು ಅರೆಬೆಂದ ಅನ್ನ ಉಂಡ. ಸುಮ್ಮನೆ ಕೂತವನು ಕಡಿಮೆ ದುಡ್ಡಿಗೆ ಬೆಂದ ಅನ್ನ ಉಂಡ. ಯಾರು ಜಾಣ?

2024ರಲ್ಲಿ ಸೋನಿಯದೇ 'ಕಾನ್ಕಾರ್ಡ್' ಬಂತು. ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಬಾಗಿಲು ಬಂದ್. ಎರಡು ವಾರದ ಬಾಳು! ಕೊಂಡವರಿಗೆ ದುಡ್ಡು ವಾಪಸು ಬಂತು ಎನ್ನುವುದೊಂದೇ ಸಮಾಧಾನ. ಎಲ್ಲ ಸಲವೂ ಹಾಗಾಗುತ್ತದೆ ಎಂದು ಕಾಯುವುದು ಮಾತ್ರ ಮೂರ್ಖತನ.

ಆನ್‌ಲೈನ್ ಮಾಲು ದಾಸ್ತಾನು ಮುಗಿದುಹೋಗುವಂಥದ್ದಲ್ಲ. ಇವತ್ತು ಕೊಳ್ಳದಿದ್ದರೆ ನಾಳೆ ಸಿಗುವುದಿಲ್ಲ ಎಂಬ ಭಯ ಬೇಡ. ಹೀಗಿರುವಾಗ "ಈಗಲೇ ಮುಂಗಡ ಕಟ್ಟಿ" ಎನ್ನುವ ಅವಸರ ಯಾರಿಗೆ ಲಾಭ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಫ್ರೀ' ಎಂಬ ಗಾಳ

ಇವೆಲ್ಲ ದುಬಾರಿ ಯಂತ್ರ ಇಟ್ಟುಕೊಂಡವರ ಕಷ್ಟ. ಭದ್ರಾವತಿ ಬಸ್ಸಿನಲ್ಲಿ, ತೀರ್ಥಹಳ್ಳಿ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಬೆರಳಾಡಿಸುವವರ ಕಷ್ಟವೇ ಬೇರೆ. ಅವರು ಗೇಮಿಗೆ ಕಾಸು ಕೊಡುವುದಿಲ್ಲ, ಗೇಮು ಫ್ರೀ. ಕಾಸು ಹೋಗುವುದು ಒಳಗೆ ಹೋದ ಮೇಲೆ!

ಮೊದಲು ಜಾಹೀರಾತಿನ ಮಾತು. ಸರಳು ಎಳೆದು, ಬೆಂಕಿ ನೀರಿನಿಂದ ಒಬ್ಬನನ್ನು ಬದುಕಿಸುವ ಆಟದ ಜಾಹೀರಾತನ್ನು ಫೋನು ಹಿಡಿದವರೆಲ್ಲ ನೋಡಿರುತ್ತಾರೆ. ಆಸೆಪಟ್ಟು ಇಳಿಸಿಕೊಂಡರೆ ಒಳಗಿರುವುದೇ ಬೇರೆ, ಮೂರು ಒಂದೇ ಬಣ್ಣದ್ದನ್ನು ಜೋಡಿಸುವ ಆಟ. 'ಹೋಮ್‌ಸ್ಕೇಪ್ಸ್', 'ಗಾರ್ಡನ್‌ಸ್ಕೇಪ್ಸ್' ಎಂಬ ಗೇಮುಗಳ ಇಂಥ ಜಾಹೀರಾತುಗಳು ಆಟವನ್ನು ಇದ್ದಂತೆ ತೋರಿಸುವುದಿಲ್ಲ ಎಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2020ರಲ್ಲಿ ತಡೆ ಹಾಕಿತು. ಆದರೂ ಈ ಚಾಳಿ ನಿಂತಿಲ್ಲ.

ಒಳಗೆ ಹೋದ ಮೇಲೆ ರೂಪಾಯಿ ಕಾಣಿಸುವುದಿಲ್ಲ. ವಜ್ರ, ಚಿನ್ನದ ನಾಣ್ಯ, ಹರಳು ಎಂಬ ಹೆಸರಿನ ಬಿಲ್ಲೆಗಳು. ರೂಪಾಯಿ ಕೊಟ್ಟು ಬಿಲ್ಲೆ, ಬಿಲ್ಲೆ ಕೊಟ್ಟು ಅಂಗಿ, ಬಂದೂಕಿನ ಬಣ್ಣ, ಅದೃಷ್ಟದ ಪೆಟ್ಟಿಗೆ. ಬಿಲ್ಲೆಯ ಲೆಕ್ಕದಲ್ಲಿ ರೂಪಾಯಿಯ ಲೆಕ್ಕ ಮರೆತುಹೋಗಲಿ ಎಂಬುದೇ ಉಪಾಯ. ಪೆಟ್ಟಿಗೆಯೊಳಗೆ ಏನಿದೆ ಎಂದು ದುಡ್ಡು ಕೊಟ್ಟ ಮೇಲೇ ತಿಳಿಯುವುದು. ಇಲ್ಲೂ ಅದೇ ಗುಟ್ಟು ನೋಡಿ: ಮೊದಲು ಕಾಸು, ಆಮೇಲೆ ದರ್ಶನ!

ಈ ವ್ಯಾಪಾರದ ಅಳತೆ ತಿಳಿಯಬೇಕಾದರೆ ಒಂದು ಲೆಕ್ಕ ಸಾಕು. 2021ರಲ್ಲಿ ಭಾರತಕ್ಕೆಂದು ಬಂದ 'ಬಿಜಿಎಂಐ' ಗೇಮಿನ ಕಂಪೆನಿ, 18 ತುಂಬದ ಮಕ್ಕಳಿಗೆ ಖರ್ಚಿನ ಮಿತಿ ಹಾಕಿದ್ದೇವೆ ಎಂದು ಹೇಳಿಕೊಂಡಿತ್ತು. ಎಷ್ಟು ಮಿತಿ? ದಿನಕ್ಕೆ 7,000 ರೂ.! ಮಿತಿಯೇ ಇಷ್ಟಾದರೆ ಮಿತಿ ಮೀರಿದ್ದು ಎಷ್ಟಿರಬೇಕು ಸ್ವಾಮಿ?

ಹೀಗೆ ಕೂಡಿಸಿದ ಆಸ್ತಿಯ ಗತಿ ಏನು? 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಸರದಿ. ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಕೂಡ ಅಂಗಡಿಯಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಗೇಮಿನ ಅಂಗಿ, ಗೇಮಿನ ಬಂದೂಕು ಗೇಮಿನೊಳಗೇ. ಬಾಗಿಲು ಮುಚ್ಚಿದ ದಿನ ಅದನ್ನು ಹೊರಗೆ ತಂದು ಮಾರುವ ಹಾಗಿಲ್ಲ, ಅಡ ಇಡುವ ಹಾಗೂ ಇಲ್ಲ.

ಮಕ್ಕಳನ್ನು ಬೈದರೆ ಆಯಿತೇ? ಅಂಗಡಿಯಲ್ಲಿ ಗಿರಾಕಿ ಜಾಸ್ತಿಯಾದಾಗ "ತಗೋ, ಆಡ್ತಾ ಕೂತ್ಕೋ" ಅಂತ ಫೋನು ಕೊಡುವವರು ದೊಡ್ಡವರೇ. ಅದೇ ಫೋನಿನಲ್ಲಿ ಯುಪಿಐ, ಅದೇ ಫೋನಿನಲ್ಲಿ ಬ್ಯಾಂಕು. ಪಿನ್ನು ಒತ್ತುವಾಗ ಮಗು ಪಕ್ಕದಲ್ಲೇ ನಿಂತಿರುತ್ತದೆ. ಗಲ್ಲಾಪೆಟ್ಟಿಗೆಯ ಬೀಗದಕೈಯನ್ನು ಎಂಟು ವರ್ಷದ ಮಗುವಿಗೆ ಕೊಡದವರು ಫೋನನ್ನು ಮಾತ್ರ ಕೊಡುತ್ತಾರೆ. ಎರಡೂ ಒಂದೇ ಎಂಬುದು ತಲೆಗೆ ಹೊಳೆಯುವುದು ತಿಂಗಳ ಕೊನೆಗೆ.

ಅಮೆರಿಕದಲ್ಲೂ ಇದೇ ರಗಳೆ. 'ಫೋರ್ಟ್‌ನೈಟ್' ಗೇಮಿನ ಎಪಿಕ್ ಕಂಪೆನಿ, ಬೇಡದಿದ್ದರೂ ಕೊಳ್ಳುವಂತೆ ಗುಂಡಿಗಳನ್ನು ಜೋಡಿಸಿತ್ತು ಎಂಬ ಆರೋಪದ ಮೇಲೆ, ಆಟಗಾರರಿಗೆ ವಾಪಸು ಕೊಡಲು 24.5 ಕೋಟಿ ಡಾಲರ್ ಕಟ್ಟಲು 2022ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು.

ಬಸ್ ಪಾಸಿದ್ದರೆ ಬಸ್ಸು ನಿಮ್ಮದೇ?

ಇನ್ನೊಂದು ಮೋಸ ಹಲವರ ಕಣ್ಣಿಗೇ ಬಿದ್ದಿಲ್ಲ. ಆನ್‌ಲೈನಿನಲ್ಲಿ ಕೊಂಡ ಗೇಮು ಸಾಮಾನ್ಯವಾಗಿ ನಿಮ್ಮ ಸ್ವತ್ತಲ್ಲ, ಆಡುವುದಕ್ಕೆ ಸಿಕ್ಕ ಪರವಾನಗಿ ಅಷ್ಟೇ. ಬಸ್ ಪಾಸು ಇದ್ದ ಮಾತ್ರಕ್ಕೆ ಬಸ್ಸು ಪ್ರಯಾಣಿಕನದಾಗುತ್ತದೆಯೇ? ರೂಟೇ ರದ್ದಾದರೆ ಪಾಸು ಜೇಬಿನಲ್ಲಿದ್ದೂ ಸುಖವಿಲ್ಲ. ಯೂಬಿಸಾಫ್ಟ್ ಕಂಪೆನಿ 2014ರಲ್ಲಿ ಮಾರಿದ 'ದಿ ಕ್ರ್ಯೂ' ಎಂಬ ಕಾರಿನ ಆಟ ಹೀಗೇ ಆಯಿತು. 2024ರ ಮಾರ್ಚ್ 31ಕ್ಕೆ ಕಂಪೆನಿ ತನ್ನ ಕಡೆಯ ಯಂತ್ರಗಳನ್ನು ನಿಲ್ಲಿಸಿತು. ಡಿಸ್ಕು ಕೈಯಲ್ಲಿದ್ದವರೂ ಆಡುವ ಹಾಗಿಲ್ಲ. ಇಂಥ ಮಾಲನ್ನು "ಮಾರುತ್ತೇವೆ" ಎಂದು ಸುಮ್ಮನೆ ಹೇಳುವಂತಿಲ್ಲ, ಸಿಗುವುದು ಪರವಾನಗಿ ಎಂದು ತಿಳಿಸಬೇಕು ಎಂಬ ಕಾಯ್ದೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದಿದೆ.

ಆದ್ದರಿಂದ ಒಬ್ಬರೇ ಕೂತು, ನೆಟ್ಟು ಇಲ್ಲದೆಯೂ ಆಡಬಹುದಾದ ಗೇಮಿನ ಡಿಸ್ಕು ಕೊಂಡರೆ ಒಂದು ಲಾಭವಿದೆ. ಬೇಜಾರಾದರೆ ಸೆಕೆಂಡ್‌ಹ್ಯಾಂಡಿನಲ್ಲಿ ಮಾರಿ ಅರ್ಧ ದುಡ್ಡಾದರೂ ಎತ್ತಬಹುದು. ಆನ್‌ಲೈನಿನಲ್ಲಿ ಇಳಿಸಿಕೊಂಡ ಗೇಮನ್ನು ಕೊಳ್ಳುವ ಗುಜರಿಯವನು ಎಲ್ಲೂ ಇಲ್ಲ.

ಕಾನೂನಿನ ಬಲ ಎಷ್ಟು?

ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳ ಮಾತು ಬೇರೆ. ಅವುಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಆದರೆ ಕೆಟ್ಟ ಗೇಮನ್ನು ಯಾವ ಸರ್ಕಾರವೂ ನಿಷೇಧಿಸುವುದಿಲ್ಲ. ಕೆಟ್ಟ ಸಿನಿಮಾ ತೆಗೆಯುವುದು ಹೇಗೆ ಅಪರಾಧವಲ್ಲವೋ ಇದೂ ಹಾಗೇ.

ಹಾಗೆಂದು ಗಿರಾಕಿ ಪೂರ್ತಿ ಅನಾಥನೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಳ್ಳಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. "ಮಾರಿದ ಮಾಲು ವಾಪಸಿಲ್ಲ" ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಕಾಯ್ದೆ ಅಳಿಸಿಹೋಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂ.ವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಆದರೆ ನೆನಪಿರಲಿ, ಯಂತ್ರ ಕೆಟ್ಟರೆ ಅದು ದೋಷ. ಆಟ ಬೇಜಾರಾದರೆ ಅದಕ್ಕೆ ಯಾವ ಆಯೋಗವೂ ಇಲ್ಲ.

ಕೆಲವು ಆನ್‌ಲೈನ್ ಅಂಗಡಿಗಳೇ ಒಂದಿಷ್ಟು ಅವಕಾಶ ಕೊಡುತ್ತವೆ. ಕಂಪ್ಯೂಟರ್ ಗೇಮು ಮಾರುವ ಸ್ಟೀಮ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ ದುಡ್ಡು ವಾಪಸು ಕೇಳಬಹುದು. 2015ರಿಂದ ಈ ಪದ್ಧತಿ ಇದೆ. ಗೂಗಲ್ ಪ್ಲೇನಲ್ಲಿ 48 ಗಂಟೆಯೊಳಗೆ ಗೂಗಲ್‌ಗೇ ಅರ್ಜಿ ಹಾಕಬಹುದು. ಆಮೇಲೆ ಗೇಮು ಮಾಡಿದವರ ಹಿಂದೆ ಅಲೆಯಬೇಕು. ಪ್ಲೇಸ್ಟೇಷನ್ ಅಂಗಡಿ ಇನ್ನೂ ಬಿಗಿ: ಗೇಮು ಇಳಿಸಿಕೊಳ್ಳಲು ಶುರು ಮಾಡಿದಿರೋ, ಸಾಮಾನ್ಯವಾಗಿ ಕಥೆ ಮುಗಿಯಿತು.

ಕಾಸು ಬಿಚ್ಚುವ ಮುಂಚೆ

ಒಂದು: ಹೊಸ ಗೇಮು ಬಂದ ದಿನ ಸುಮ್ಮನಿರಿ. ಎರಡು ವಾರ ಬಿಟ್ಟು, ಕಂಪೆನಿಯ ಕಾಸು ತೆಗೆದುಕೊಳ್ಳದೆ ಆಡಿದವರು ಏನು ಹೇಳುತ್ತಾರೆ ಕೇಳಿ. ಜಾಹೀರಾತಿನ ಬಣ್ಣದ ಚಿತ್ರ ಬೇಡ, ನಿಜವಾಗಿ ಆಡುತ್ತಿರುವುದನ್ನು ಅರ್ಧ ಗಂಟೆ ನೋಡಿ.

ಎರಡು: ಗೇಮಿಗೆ ಬೇಕಾದ ಯಂತ್ರ ಮನೆಯಲ್ಲಿದೆಯೇ ನೋಡಿ. ಕಂಪ್ಯೂಟರ್ ಗೇಮಾದರೆ ಎಂಥ ಯಂತ್ರ ಬೇಕೆಂದು ಮಾರುವ ಜಾಗದಲ್ಲೇ ಬರೆದಿರುತ್ತದೆ. ಈಚಿನ ಕೆಲವು ಗೇಮುಗಳು 100 ಜಿಬಿಗೂ ಮೇಲೆ ಜಾಗ ನುಂಗುತ್ತವೆ. ಹಳೇ ಲ್ಯಾಪ್‌ಟಾಪಿಗೆ ಅದನ್ನು ತುಂಬುವುದೂ ಆಟೋದಲ್ಲಿ ಭತ್ತದ ಲೋಡು ಹೊರಿಸುವುದೂ ಒಂದೇ.

ಮೂರು: 'ಡೆಮೊ' ಎಂಬ ಪುಕ್ಕಟೆ ತುಣುಕು ಇದ್ದರೆ ಮೊದಲು ಅದನ್ನು ಆಡಿಸಿ. ಸ್ನೇಹಿತರ ಮನೆಯಲ್ಲಿ ಅದೇ ಗೇಮು ಇದ್ದರೆ ಒಂದು ಸಂಜೆ ಅಲ್ಲೇ ಆಡಿ ಬರಲಿ. ಮಗನ ಅರ್ಧ ಆಸೆ ಅಲ್ಲೇ ಇಳಿದರೂ ಇಳಿಯಬಹುದು.

ನಾಲ್ಕು: ವಾಪಸಿನ ಗಡುವು ಇರುವ ಕಡೆ ಕೊಂಡ ದಿನವೇ ಆಡಿ ನೋಡಿ. ಕೊಂಡಿಟ್ಟು ತಿಂಗಳಾದ ಮೇಲೆ ತೆಗೆದರೆ ಗಡುವು ದಾಟಿರುತ್ತದೆ.

ಐದು: ಫೋನಿನ ಪ್ಲೇ ಸ್ಟೋರ್ ಸೆಟ್ಟಿಂಗ್ಸಿನಲ್ಲಿ, ಪ್ರತಿ ಖರೀದಿಗೂ ಗುರುತು ಕೇಳುವಂತೆ ಮಾಡಿಡಿ. ಯುಪಿಐ ಆ್ಯಪಿನಲ್ಲಿ 'ಆಟೋಪೇ' ಎಂಬ ಪಟ್ಟಿ ಇರುತ್ತದೆ. ಹೆಸರು ಗೊತ್ತಿಲ್ಲದ್ದು ತಿಂಗಳು ತಿಂಗಳು ಕಾಸು ಎಳೆಯುತ್ತಿದ್ದರೆ ಇವತ್ತೇ ರದ್ದು ಮಾಡಿ. "ಅರ್ಧ ಬೆಲೆಗೆ ವಜ್ರ ಕೊಡ್ತೀವಿ" ಎಂದು ವಾಟ್ಸ್‌ಆ್ಯಪಿನಲ್ಲಿ ಬರುವವರಿಗೆ ಪಿನ್ನು, ಓಟಿಪಿ ಕೊಡಬೇಡಿ. ಕೊಟ್ಟು ಕೆಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಕೊನೆಯ ಮಾತು ಗೇಮು ಮಾರುವ ಅಂಗಡಿಯವರಿಗೆ. ಅಂಗಡಿಯ ಮೂಲೆಯಲ್ಲಿ ಒಂದು ಹಳೇ ಟಿವಿ ಇಡಿ. ಹತ್ತು ನಿಮಿಷ ಆಡಿ ನೋಡಲು ಬಿಡಿ. ನೋಡಿದವರಲ್ಲಿ ಕೆಲವರು ಕೊಳ್ಳದೆ ಹೋಗಬಹುದು, ನಿಜ. ಆದರೆ ಅಮೆರಿಕದ ಅಂಗಡಿಗಳು ಮುಳುಗಿದ್ದು ಗಿರಾಕಿ ಕೊಳ್ಳದೆ ಹೋದದ್ದರಿಂದ ಮಾತ್ರ ಅಲ್ಲ, ಕೊಂಡವನು ಮತ್ತೆ ಬರದೆ ಹೋದದ್ದರಿಂದ. ಮಾಲು ಗಟ್ಟಿ ಇದ್ದವನಿಗೆ ಗಿರಾಕಿ ಆಡಿ ನೋಡಿದರೆ ಭಯ ಯಾಕೆ?